ಆಷಾಢ ಮುಗಿಯುವ ತನಕ

ನಾನು ಒಂದು ನೈಟ್ರೋಜನ್ ಕ್ಯಾನು. ಕತ್ತು ಸಣ್ಣದು, ಹೊಟ್ಟೆ ದೊಡ್ಡದು. ದೂರದಿಂದ ನೋಡಿದವರು ಹಾಲಿನ ಕ್ಯಾನೆಂದೇ ತಿಳಿಯುತ್ತಾರೆ. ಕಾರ್ಖಾನೆಯಲ್ಲಿ ಅಲ್ಯೂಮಿನಿಯಂನ ಒಂದು ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದು ನನ್ನನ್ನು ಮಾಡಿದರು. ನಡುವೆ ಏನೂ ಇಲ್ಲದ್ದರಿಂದ ಹೊರಗಿನ ಬಿಸಿ ನನ್ನೊಳಗೆ ಇಳಿಯುವುದಿಲ್ಲ.

ಲಾರಿ ಹತ್ತಿ ಹುಬ್ಬಳ್ಳಿಗೆ ಬಂದೆ. ಮಕ್ಕಳಿಗಾಗಿ ಹಂಬಲಿಸುವವರು ಬರುವ ಆಸ್ಪತ್ರೆ ಅದು. ಲ್ಯಾಬಿನ ವಾಸಂತಿ ಮೇಡಂ ನನ್ನೊಳಗೆ ದ್ರವ ನೈಟ್ರೋಜನ್ ಸುರಿದಾಗ ಬುಸುಗುಟ್ಟಿ, ಕುದಿದು, ಆಮೇಲೆ ತಣ್ಣಗಾದೆ. ಮಂಜುಗಡ್ಡೆಯ ಚಳಿ ಆ ಚಳಿಗೆ ಸಾಟಿಯಲ್ಲ. ಅದರೊಳಗಿಟ್ಟ ಜೀವ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ತಾಯಿ ತಂದೆಯ ಬೀಜ ಕೂಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಭ್ರೂಣಗಳನ್ನು ಕಡ್ಡಿಯಂಥ ನಳಿಕೆಗಳಲ್ಲಿಟ್ಟು ನನ್ನೊಳಗೆ ಇಳಿಬಿಡುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು, ಶಿವನ ಅಪ್ಪಣೆಗೆ ಕಾದವರಂತೆ ಸುಮ್ಮನೆ ಕೂತಿರುತ್ತಿದ್ದವು.

ನನ್ನ ಹಬೆ ಕೋಣೆ ತುಂಬಿದರೆ ಜನರ ಉಸಿರು ಕಟ್ಟುತ್ತದೆಂದು ಬಾಗಿಲನ್ನು ಸದಾ ತೆರೆದಿಡುತ್ತಿದ್ದರು. ಬಾಗಿಲಾಚೆ ಡಾಕ್ಟರು ಕೂತು ಮಾತಾಡುವ ಜಾಗ. ನೆಲದ ಮೇಲಿದ್ದ ನನಗೆ ಬಂದವರ ಪಾದಗಳು ಮೊದಲು ಕಾಣುತ್ತಿದ್ದವು. ಮಾತು ಪೂರಾ ಕೇಳುತ್ತಿತ್ತು.

ಗಜೇಂದ್ರಗಡದ ಕಡೆಯಿಂದ ಒಂದು ಮನೆಯವರು ಬಂದರು. ಹಿಟ್ಟಿನ ಗಿರಣಿ ನಡೆಸುವ ಕಳಕಪ್ಪ, ಹೆಂಡತಿ ಶಶಿಕಲಾ, ಮಗಳು ದಾನು, ಕಳಕಪ್ಪನ ತಾಯಿ ನೀಲಗಂಗವ್ವ. ಕಳಕಪ್ಪ ಶಶಿಕಲಾಳ ಸ್ವಂತ ಸೋದರಮಾವ. ಅಕ್ಕನ ಮಗಳನ್ನು ತಂದುಕೊಳ್ಳುವುದು ಆ ಮನೆಯ ರೂಢಿ. ಹೀಗಾಗಿ ನೀಲಗಂಗವ್ವ ಅವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಗಂಡನನ್ನು ಅವಳು ಮಾಮಾ ಎಂದೇ ಕರೆಯುತ್ತಿದ್ದಳು, ಅತ್ತೆಯನ್ನು ಆಯಿ ಎಂದು.

ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಒಂದೇ ದೋಷ ಅಡಗಿತ್ತು. ಅವರಿಗೇನೂ ಆಗಿರಲಿಲ್ಲ, ಎರಡೂ ಕಡೆಯಿಂದ ಇಳಿದದ್ದು ದಾನುವಿನ ಮೇಲೆ ಬಿತ್ತು. ಥಲಸ್ಸೀಮಿಯಾ. ಮೈಯಲ್ಲಿ ಒಳ್ಳೆಯ ರಕ್ತ ಹುಟ್ಟದು. ಮೇಲಿಂದ ಮೇಲೆ ಪರರ ರಕ್ತ ಏರಿಸಬೇಕು. ಹೊಂದುವ ಅಸ್ಥಿಮಜ್ಜೆ ಸಿಕ್ಕರೆ ವಾಸಿಯಾದೀತು, ಆದರೆ ಮನೆಯಲ್ಲಿ ಯಾರದೂ ಹೊಂದಲಿಲ್ಲ. ಅದಕ್ಕೇ ಭ್ರೂಣಗಳನ್ನು ಮೊದಲೇ ಪರೀಕ್ಷಿಸಿ, ರೋಗವಿಲ್ಲದ, ಅಕ್ಕನಿಗೆ ಹೊಂದುವ ಇನ್ನೊಂದು ಮಗುವನ್ನು ಪಡೆಯಲು ಬಂದಿದ್ದರು.

ಪ್ರತಿ ಭ್ರೂಣದಿಂದ ಕೆಲವು ಜೀವಕೋಶ ಚಿವುಟಿ ಪರೀಕ್ಷೆಗೆ ಕಳಿಸಿ, ಭ್ರೂಣಗಳನ್ನು ನನ್ನ ವಶಕ್ಕೆ ಕೊಟ್ಟರು. ಆ ದಿನ ದಾನು ಬಾಗಿಲಲ್ಲಿ ನಿಂತು ನನ್ನ ಹಬೆ ನೋಡಿದಳು.

"ಇದರಾಗ ಇಡ್ಲಿ ಬೇಯಾಕತ್ತಾವೇನ್ರಿ?"

"ಇಡ್ಲಿ ಅಲ್ಲವ್ವಾ," ಎಂದರು ವಾಸಂತಿ. "ನಿನ್ನ ತಮ್ಮನೋ ತಂಗಿನೋ ಅದರಾಗ ಐತಿ."

"ಹಂಗಾರ ಗಟ್ಟಿ ಮುಚ್ರಿ. ಹೊರಗ ಬಂದ್ರ ನನ್ನ ಗೊಂಬಿ ಕೇಳತೈತಿ."

ಪರೀಕ್ಷೆಯ ಉತ್ತರ ಬಂತು. ರೋಗವಿಲ್ಲದೆ ದಾನುವಿಗೂ ಹೊಂದುವುದು ಒಂದೇ ಒಂದಿತ್ತು, ಉಳಿದವೆಲ್ಲ ರೋಗದವು. ಮನೆಯವರ ಒಪ್ಪಿಗೆ ಪಡೆದು ಅವನ್ನು ನನ್ನಿಂದ ತೆಗೆದು ಚೆಲ್ಲಿದರು. ಅಂದು ಯಾರೂ ಅಳಲಿಲ್ಲ.

"ಗಂಡೋ ಹೆಣ್ಣೋ, ಅದನ್ನರ ಹೇಳ್ರಿ," ಎಂದಳು ನೀಲಗಂಗವ್ವ.

"ಹೇಳಂಗಿಲ್ಲಜ್ಜಿ, ಕಾನೂನು ಐತಿ," ಎಂದರು ಡಾಕ್ಟರು.

"ಎಲ್ಲಾ ಗೊತ್ತಿದ್ದೂ ಬಾಯಿ ಮುಚಗೊಂಡು ಕುಂಡ್ರಾಂವ ಶಿವ ಒಬ್ಬನ ಅಂತ ತಿಳಿದಿದ್ದೆ," ಎಂದು ಮುದುಕಿ ನಕ್ಕಳು.

ಬರುವ ವಾರವೇ ಗರ್ಭದಲ್ಲಿ ಇಡೋಣ ಎಂದರು ಡಾಕ್ಟರು. ಮುದುಕಿಯ ನಗು ಅಲ್ಲಿಗೇ ನಿಂತಿತು.

"ಆಷಾಢ ಹಿಡಿದೈತ್ರಿ. ಆಷಾಢದಾಗ ನಮ್ಮ ಮನ್ಯಾಗ ಬಸುರಿನ ಕಾರ್ಯ ಮಾಡಂಗಿಲ್ಲ. ಶ್ರಾವಣ ಬರ್ಲಿ."

"ಆಯಿ, ದಾನೂನ ಮಾರಿ ನೋಡು, ಎಷ್ಟು ಬೆಳ್ಳಗಾಗೇತಿ," ಎಂದಳು ಶಶಿಕಲಾ.

"ನೋಡಿನ ಹೇಳಾಕತ್ತೀನಿ. ಈ ಸಲ ಏನೂ ಕೆಡಬಾರದು. ನಿನ್ನನ್ನ ಉಡ್ಯಾಗ ಹಾಕ್ಕೊಂಡು ಬೆಳೆಸಿದಾಕಿ ನಾನು, ಕೆಟ್ಟದ್ದು ಹೇಳ್ತೀನೇನು?"

ಕಳಕಪ್ಪ ಡಾಕ್ಟರ ಮುಖ ನೋಡಿದ. ಒಳಗಿರುವುದು ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ, ನಿಮ್ಮಿಷ್ಟ ಎಂದರು ಅವರು. ಆ ಮಾತು ನಿಜ. ನನ್ನೊಳಗಿದ್ದ ಕೂಸಿಗೆ ಕಾಯಲು ಆಗುತ್ತಿತ್ತು. ದಾನುವಿಗೆ ಆಗಲಿಲ್ಲ. ಆಷಾಢ ಮುಗಿಯುವ ಮೊದಲೇ ಜ್ವರ ಬಂತು. ರಕ್ತ ಏರಿಸಿದರೂ ಇಳಿಯಲಿಲ್ಲ. ಅವಳನ್ನು ಮಣ್ಣು ಮಾಡಿದ ಸುದ್ದಿಯನ್ನು ವಾಸಂತಿ ಫೋನಿನಲ್ಲಿ ಕೇಳಿ, ಬಂದು ನನ್ನ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದರು.

ಶ್ರಾವಣ ಬಂತು, ಹೋಯಿತು. ದೀಪಾವಳಿ ಕಳೆದ ಮೇಲೆ ಮೂವರೂ ಬಂದರು. ಈಗ ಪಾದಗಳು ದೂರ ದೂರ ನಿಂತವು.

"ತಡ ಆಗಿದ್ದಕ್ಕ ಹಿಂಗಾತು ಅಂತ ತಿಳೀಬ್ಯಾಡ್ರಿ," ಎಂದರು ಡಾಕ್ಟರು. "ಅವತ್ತ ಇಟ್ಟಿದ್ರೂ ಆ ಕೂಸು ಇನ್ನೂ ಹೊಟ್ಟ್ಯಾಗ ಇರ್ತಿತ್ತು. ದಾನೂಗ ಉಪಯೋಗಕ್ಕ ಬರ್ತಿರಲಿಲ್ಲ."

"ಗೊತ್ತೈತ್ರಿ," ಎಂದಳು ಶಶಿಕಲಾ. "ಗೊತ್ತಿದ್ರ ಏನಾತು?"

"ಹಡಿ ಮಗಳ," ಎಂದಳು ನೀಲಗಂಗವ್ವ. "ಹಡದು ನನ್ನ ಉಡ್ಯಾಗ ಹಾಕು. ಉಳಿದಷ್ಟು ದಿನ ನಾ ಸಾಕ್ತೀನಿ."

"ಅದನ್ನ ಅಕ್ಕನ ಸಲುವಾಗಿ ಕರೆದಿದ್ವಿ, ಆಯಿ. ನಾಳೆ ಅದು ಬಂದು, ನನ್ನ ಯಾಕ ಹಡೆದಿ ಅಂತ ಕೇಳಿದ್ರ ಏನಂತ ಹೇಳ್ಲಿ? ಅದರ ಮಾರಿ ನೋಡಿದಾಗೆಲ್ಲಾ ನನಗ ದಾನು ನೆನಪಾಗ್ತಾಳ. ಅದರ ತಪ್ಪೇನೈತಿ, ನನ್ನಂಥಾ ತಾಯಿ ಹೊಟ್ಟ್ಯಾಗ ಬರಾಕ?"

"ಮಾಮಾ, ನೀ ಹೇಳು," ಎಂದು ಗಂಡನ ಕಡೆ ತಿರುಗಿದಳು.

"ನಿನಗ ಆಗಂಗಿಲ್ಲಂದ್ರ ಬ್ಯಾಡ," ಎಂದ ಕಳಕಪ್ಪ. ಅವನ ಪಾದದ ಬೆರಳುಗಳು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದಿದ್ದವು.

ಚೆಲ್ಲಬೇಡಿ, ನಮಗೆ ಕೊಡಿ, ಮಗಳ ಮಗ್ಗುಲಲ್ಲಿ ಇಡುತ್ತೇವೆ ಎಂದು ಶಶಿಕಲಾ ಕೇಳಿದಳು. ಹಾಗೆ ಕೊಡುವ ಪದ್ಧತಿ ಇಲ್ಲ. ಆದರೆ ಡಾಕ್ಟರು ಏನೂ ಕಾಣದವರಂತೆ ಕಿಟಕಿಯ ಹೊರಗೆ ನೋಡಿದರು. ವಾಸಂತಿ ಎದ್ದು ಬಂದು ನನ್ನ ಮುಚ್ಚಳ ತೆಗೆದರು. ಚಿಮಟದಲ್ಲಿ ನಳಿಕೆ ಎತ್ತಿದಾಗ ಬಿಳಿ ಹಬೆ ಅದರ ಹಿಂದೆಯೇ ಒಂದು ಗೇಣು ಬಂದು ಕಳಚಿಕೊಂಡಿತು. ಕೋಣೆಯ ಗಾಳಿ ತಾಕಿದ್ದೇ ಒಳಗಿನ ಕೂಸಿನ ಬಾಳು ಮುಗಿಯಿತು. ಹೊರಲೋಕವನ್ನು ಅದು ಕಂಡದ್ದು ಆ ಗಳಿಗೆ ಮಾತ್ರ.

ನೀಲಗಂಗವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ರೇಷ್ಮೆ ಬಟ್ಟೆಯಲ್ಲಿ ದಾರ ಹಾಕಿದ ಪುಟ್ಟ ಲಿಂಗ. ಅವರಲ್ಲಿ ಬಸುರಿಗೆ ಎಂಟು ತಿಂಗಳಾದಾಗ ಹೊಟ್ಟೆಯ ಕೂಸಿನ ಹೆಸರಲ್ಲಿ ಲಿಂಗ ಕಟ್ಟುತ್ತಾರೆ.

"ಆಷಾಢದಾಗ ಮಠಕ್ಕ ಹೋಗಿ ತಂದಿಟ್ಟಿದ್ದೆ," ಎಂದಳು. "ಲಿಂಗ ಇಲ್ದಂಗ ಮಣ್ಣಾಗ ಹೆಂಗ ಇಡೂದು?"

ಚಳಿ ಬಿಟ್ಟ ಆ ಸಣ್ಣ ನಳಿಕೆಗೆ ದಾರ ಸುತ್ತಲು ಹೋದಳು. ನಳಿಕೆ ನುಣುಪಾಗಿದ್ದು ಗಂಟು ನಿಲ್ಲಲಿಲ್ಲ. ಮತ್ತೆ ಸುತ್ತಿದಳು, ಮತ್ತೆ ಜಾರಿತು. ಶಶಿಕಲಾ ನೋಡುತ್ತಾ ನಿಂತಿದ್ದವಳು ಹತ್ತಿರ ಬಂದಳು.

"ಸಡ್ಲ ಆಗೇತಿ. ತಾ ಇಲ್ಲೆ, ಆಯಿ," ಎಂದು ತಾನೇ ಬಿಗಿದು ಕಟ್ಟಿದಳು.

ಮೂವರೂ ಹೋದರು.

ಕೆಲವು ವರ್ಷಗಳ ಮೇಲೆ ಆಸ್ಪತ್ರೆಗೆ ದೊಡ್ಡ ಟ್ಯಾಂಕುಗಳು ಬಂದವು. ನನ್ನನ್ನು ದನದ ದವಾಖಾನೆಗೆ ಕೊಟ್ಟರು. ಹೋರಿಯ ಬೀಜದ ನಳಿಕೆಗಳನ್ನು ಹೊತ್ತು ಮೋಟಾರು ಸೈಕಲ್ಲಿನ ಹಿಂದೆ ಹಳ್ಳಿ ಹಳ್ಳಿ ತಿರುಗಿದೆ. ಕೊನೆಗೆ ಕತ್ತಿನ ಬೆಸುಗೆ ಸೀಳಿ ಚಳಿ ನಿಲ್ಲದಾಯಿತು. ಈಗ ದವಾಖಾನೆಯ ಹಿತ್ತಲ ಮೂಲೆಯಲ್ಲಿ ಅಡ್ಡಬಿದ್ದಿದ್ದೇನೆ. ಇರುವೆಗಳು ಒಳಗೆ ಹೋಗಿ ಬರುತ್ತವೆ. ನನಗೆ ಬೇಸರವಿಲ್ಲ.

ನನ್ನಿಂದ ಹೋಗಿ ಹುಟ್ಟಿದ ಮಕ್ಕಳು ಎಲ್ಲೆಲ್ಲೋ ಬೆಳೆಯುತ್ತಿದ್ದಾರೆ. ಅವರಿಗೆ ತಾಯಿ ಇದ್ದಾಳೆ, ಊರಿದೆ. ನಾನು ನೆನೆಯುವುದು ಆ ಒಂದನ್ನು. ಹೋದ ಜೀವಗಳನ್ನೆಲ್ಲ ಶಿವನು ಹತ್ತಿರ ಕೂರಿಸಿಕೊಂಡು, ಭೂಮಿಯಲ್ಲಿ ಎಲ್ಲಿದ್ದೆ ಎಂದು ಕೇಳುತ್ತಾನಂತೆ. ಕೇಳಿದರೆ ಅದು ನನ್ನ ಹೆಸರನ್ನೇ ಹೇಳಬೇಕು. ಬೇರೆ ಊರು ಅದು ಕಂಡಿಲ್ಲ.