ಬಾಗಿಲಲ್ಲಿ ಓದಬೇಕಾದ ನಾಲ್ಕು ಮಾತು

ಎಂಬತ್ತರ ದಶಕದ ಆರಂಭ. ಹೊಸೂರಿನಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದವು. ಯಾವ ಫ್ಯಾಕ್ಟರಿಯವರೂ ಒಳಗೆ ಬಿಟ್ಟುಕೊಳ್ಳದ ಬೇರಿಕೆ ಊರಿನ ಚೆನ್ನಕೇಶವ ತನ್ನನ್ನು ತಾನೇ ‘ಸ್ವತಂತ್ರ ವ್ಯಾಪಾರಿ’ ಎಂದು ಕರೆದುಕೊಂಡ. ಮದ್ರಾಸಿನ ಕಂಪನಿಯೊಂದರ ಪಾತ್ರೆ ತೊಳೆಯುವ ಪುಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಮಾರುವುದು ಅವನ ಕೆಲಸ. ಒಲೆ ತುಂಬ ಬೂದಿ ಇರುವವರಿಗೆ ಡಬ್ಬದ ಪುಡಿ ಮಾರಲು ಹೊರಟವನ ಬುದ್ಧಿಯ ಬಗ್ಗೆ ಊರಿಗೆ ಯಾವ ಅಭಿಪ್ರಾಯವಿತ್ತೋ ಅವನಿಗೂ ಅದೇ ಇತ್ತು. ಆದರೂ ‘ಸ್ವತಂತ್ರ’ ಎಂಬ ಮಾತು ಕಿವಿಗೆ ಹಿತವಾಗಿತ್ತು. ಪುಡಿ ಖರ್ಚಾಗದಿದ್ದರೆ ಕಂಪನಿಗೆ ಸಂಬಂಧವಿಲ್ಲ ಎಂಬುದೇ ಅದರ ಅರ್ಥವೆಂದು ಆಮೇಲೆ ತಿಳಿಯಿತು.

ಒಂದು ದಿನ ಕಂಪನಿಯವರು ಕೃಷ್ಣಗಿರಿಯ ಲಾಡ್ಜೊಂದರಲ್ಲಿ ಮೀಟಿಂಗ್ ಕರೆದರು. ಬಾಗಿಲಿಗೆ ಹೋಗಿ ಮಾರುವವರು ತಾವು ಯಾರೆಂದು ಮೊದಲೇ ತಿಳಿಸಬೇಕೆಂದು ಸರ್ಕಾರದಿಂದ ತಾಕೀತು ಬಂದಿದೆ ಎಂದ ಮ್ಯಾನೇಜರ್, ತಮಿಳಿನಲ್ಲಿ ಅಚ್ಚಾದ ಹಾಳೆಯೊಂದನ್ನು ಎಲ್ಲರಿಗೂ ಹಂಚಿದ. ನಾಲ್ಕೇ ಮಾತು. ನಾನು ಸರ್ಕಾರದವನಲ್ಲ. ಕಂಪನಿಯ ನೌಕರನೂ ಅಲ್ಲ, ನನಗೆ ಸಂಬಳವಿಲ್ಲ. ನೀವು ಕೊಡುವ ಬೆಲೆಯಲ್ಲಿ ನನಗೊಂದು ಪಾಲಿದೆ. ಇದನ್ನು ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ.

“ಚೀಲ ಬಿಚ್ಚುವ ಮೊದಲು ಪೂರ್ತಿ ಓದಬೇಕು. ಕೇಳುವವರಿಗೆ ತಿಳಿಯುವ ಭಾಷೆಯಲ್ಲಿ ಓದಬೇಕು,” ಎಂದ ಮ್ಯಾನೇಜರ್. ಅಷ್ಟರಲ್ಲಿ ಕಾಫಿ ಬಂತು. ಭಾಷೆಯ ಆ ಮಾತು ತನಗೆ ಕೇಳಿಸಲಿಲ್ಲ ಎಂದು ಚೆನ್ನಕೇಶವ ಆಮೇಲೆ ತೀರ್ಮಾನಿಸಿಕೊಂಡ.

ಅವನು ಪುಡಿ ಮಾರುತ್ತಿದ್ದ ಬಾಗಲೂರಿನ ಸುತ್ತ ಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು. ಪುಸ್ತಕದ ತಮಿಳು ಅಲ್ಲಿನವರ ಕಿವಿಗೆ ಬೀಳುತ್ತಿದ್ದುದು ತಾಲ್ಲೂಕು ಕಚೇರಿಯವರು ಬಂದಾಗ ಮಾತ್ರ. ಕಂದಾಯ, ಜಪ್ತಿ, ಸೂಜಿಮದ್ದು, ಎಲ್ಲವೂ ಆ ಭಾಷೆಯಲ್ಲೇ ಬರುತ್ತಿದ್ದವು. ಯಾರಾದರೂ ಹಾಳೆ ಹಿಡಿದು ತಮಿಳು ಓದತೊಡಗಿದರೆ ಗಂಡಸರು ಹೆಗಲ ಮೇಲಿನ ಟವಲು ತೆಗೆದು ಎದ್ದು ನಿಲ್ಲುತ್ತಿದ್ದರು.

ಚೆನ್ನಕೇಶವ ಮೊದಲು ಹಾಳೆ ಬಿಚ್ಚಿದ್ದು ಆವುಲಪ್ಪನ ಬಾಗಿಲಲ್ಲಿ. ಆವುಲಪ್ಪನ ಮಗಳು ಮುನಿರತ್ನಮ್ಮ ಹೊಸೂರಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಅವಳನ್ನು ನೋಡಿದಾಗಿನಿಂದ ಚೆನ್ನಕೇಶವನಿಗೆ ಬೇರೆ ಹೆಣ್ಣು ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿನ ವರ್ಷ ಹೆಣ್ಣು ಕೇಳಿಸಿದ್ದ. ‘ಸಂಬಳ ಇಲ್ದೋನ್ಗೆ ಹೆಣ್ಣಿಲ್ಲ’ ಎಂದು ಆವುಲಪ್ಪ ಹೇಳಿಕಳಿಸಿದ್ದ.

ಚೆನ್ನಕೇಶವ ಗಂಟಲು ಸರಿಪಡಿಸಿಕೊಂಡು ಓದಿದ. ಹೊಸೂರಿನ ಸ್ಕೂಲಿನಲ್ಲಿ ಏಟು ತಿಂದು ಕಲಿತ ತಮಿಳು, ಪಟಪಟ ಬಂತು. ಆವುಲಪ್ಪ ಟವಲು ಕಂಕುಳಿಗಿಟ್ಟುಕೊಂಡು ಎದ್ದು ನಿಂತ. ಅವನ ತಾಯಿ ಪಿಳ್ಳಮ್ಮ ಸೆರಗು ಹೊದ್ದುಕೊಂಡಳು.

“ಮನೇಗೆ ಎಷ್ಟು ಡಬ್ಬ ತಗಬೇಕಂತೆ?” ಎಂದು ಆವುಲಪ್ಪ ಮೆಲ್ಲಗೆ ಕೇಳಿದ.

“ಎರಡು,” ಎಂದ ಚೆನ್ನಕೇಶವ.

“ಯಾವಾಗಾಯ್ತು ನಿಮ್ಗೆ ಕೆಲ್ಸ?”

“ಈಗ ಕೃಷ್ಣಗಿರೀಲಿ ಮೀಟಿಂಗ್ ಆಯ್ತು.”

ಮೀಟಿಂಗ್ ಆಗಿದ್ದು ನಿಜ, ಹಾಳೆ ಓದಿದ್ದೂ ನಿಜ. ತಾನು ಒಂದು ಸುಳ್ಳನ್ನೂ ಹೇಳಲಿಲ್ಲವಲ್ಲ ಎಂದು ಸೈಕಲ್ ತುಳಿಯುತ್ತ ಖುಷಿಪಟ್ಟ. ತನ್ನನ್ನು ತಾನು ಯಾಮಾರಿಸಿಕೊಳ್ಳುವುದರಲ್ಲಿ ಅವನಷ್ಟು ಪಳಗಿದವರು ಆ ಸೀಮೆಯಲ್ಲೇ ಇರಲಿಲ್ಲ. ಇನ್ನೊಬ್ಬರನ್ನು ಯಾಮಾರಿಸಲು ಮಾತ್ರ ಸರ್ಕಾರದ ಸಹಾಯ ಬೇಕಾಯಿತು.

ಆಮೇಲೆ ಅವನು ಹೋದಲ್ಲೆಲ್ಲ ಪುಡಿ ಖರ್ಚಾಯಿತು. ‘ಗೋರ್ಮೆಂಟ್ ಪುಡಿ’ ಎಂದು ಜನ ಅದನ್ನು ಬಳಸದೆ ಅಟ್ಟದ ಮೇಲೆ ಜೋಪಾನವಾಗಿಟ್ಟರು. ಒಬ್ಬರು ರೇಷನ್ ಸಕ್ಕರೆ ಸಾಲದೆಂದು ಅವನಲ್ಲೇ ದೂರು ಹೇಳಿದರು. ‘ಮೇಲಿನವರಿಗೆ ತಿಳಿಸ್ತೀನಿ’ ಎಂದುಬಿಟ್ಟ. ಅವನಿಗೆ ಗೊತ್ತಿದ್ದ ಮೇಲಿನವನು ಲಾಡ್ಜಿನಲ್ಲಿ ಹಾಳೆ ಹಂಚಿದ ಮ್ಯಾನೇಜರೊಬ್ಬನೇ.

ತಿಂಗಳು ಕಳೆಯುವಷ್ಟರಲ್ಲಿ, ಹೆಣ್ಣು ನೋಡಲು ಬರಬೇಕೆಂದು ಆವುಲಪ್ಪನೇ ಹೇಳಿಕಳಿಸಿದ. ಚೆನ್ನಕೇಶವನ ತಾಯಿ ರಾಮಲಕ್ಷ್ಮಮ್ಮ ಮಗನಿಗೆ ಪೋಸ್ಟಿಂಗ್ ಆಗಿದೆಯೆಂದು ನಂಬಿಬಿಟ್ಟಿದ್ದಳು. ಆ ಪುಡಿಯನ್ನು ಜನ ಕೊಳ್ಳುವುದಕ್ಕೆ ಅವಳಿಗೂ ಬೇರೆ ಕಾರಣ ಹೊಳೆದಿರಲಿಲ್ಲ.

ಭಾನುವಾರ ಆವುಲಪ್ಪನ ಪಡಸಾಲೆಯಲ್ಲಿ ನೆಂಟರು ತುಂಬಿದ್ದರು. ಉಪ್ಪಿಟ್ಟು, ಬಾಳೆಹಣ್ಣು ಬಂತು. ಮುನಿರತ್ನಮ್ಮ ಕಾಫಿ ಕೊಟ್ಟು ಒಳಬಾಗಿಲ ಹತ್ತಿರ ನಿಂತಳು. ಆವುಲಪ್ಪನಿಗೆ ಭಾವೀ ಅಳಿಯನನ್ನು ನೆಂಟರಿಗೆ ತೋರಿಸುವ ಹುಮ್ಮಸ್ಸು.

“ಕೇಶವಣ್ಣಾ, ಆ ಆರ್ಡರ್ ಒಂದ್ಕಿತ ಓದ್ರಿ. ಇವ್ರೂ ಕೇಳ್ಲಿ.”

ಚೆನ್ನಕೇಶವ ಓದಿದ. ನೆಂಟರು ಕೂತಲ್ಲೇ ಬೆನ್ನು ನೇರ ಮಾಡಿಕೊಂಡರು. ಓದುತ್ತಲೇ ಒಮ್ಮೆ ತಲೆಯೆತ್ತಿದ. ಮುನಿರತ್ನಮ್ಮ ಅವನನ್ನೇ ನೆಟ್ಟಗೆ ನೋಡುತ್ತಿದ್ದಳು. ಅವಳ ಫ್ಯಾಕ್ಟರಿಯಲ್ಲಿ ದಿನವಿಡೀ ತಮಿಳೇ ಎಂಬುದು ಅವನಿಗೆ ಆಗ ನೆನಪಾಯಿತು.

“ನಂಗೊಂದಕ್ಸರ ತಿಳೀಲಿಲ್ಲ ಕಣಪ್ಪಾ,” ಎಂದಳು ಪಿಳ್ಳಮ್ಮ. “ಮೊಮ್ಮಗಳ್ನ ಕೊಡೋ ಮನೆ. ನಮ್ಮ ಮಾತ್ನಾಗೆ ಹೇಳು.”

ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಒಳಬಾಗಿಲಲ್ಲಿ ಮುನಿರತ್ನಮ್ಮ ಇದ್ದಳು. ಸುಳ್ಳು ಕಟ್ಟಲು ಸಮಯವೂ ಬೇಕಿತ್ತು. ಅವನು ಹರಿಶ್ಚಂದ್ರನಾದದ್ದು ಹೀಗೆ.

“ನಾನು ಸರ್ಕಾರದವನಲ್ಲ,” ಎಂದ. “ಕಂಪನಿ ನೌಕರನೂ ಅಲ್ಲ. ನನಗೆ ಸಂಬಳ ಇಲ್ಲ.” ರಾಮಲಕ್ಷ್ಮಮ್ಮ ಬಾಳೆಹಣ್ಣನ್ನು ತಟ್ಟೆಗೆ ವಾಪಸಿಟ್ಟಳು. “ನೀವು ಕೊಡೋ ದುಡ್ಡಲ್ಲಿ ನನಗೊಂದು ಪಾಲಿದೆ. ತಗೊಳ್ಳಲೇಬೇಕು ಅಂತ ಒತ್ತಾಯ ಇಲ್ಲ.”

ಕೊನೆಯ ಮಾತು ಪುಡಿಗಿಂತ ತನಗೇ ಹೆಚ್ಚು ಹೊಂದಿತೆಂದು ಅವನಿಗೆ ಅನಿಸಿತು.

“ಹಂಗಾರೆ,” ಎಂದ ಆವುಲಪ್ಪ, “ಅವತ್ತು ನಾನು ಟವಲ್ ತೆಗ್ದು ನಿಂತ್ಕಂಡಿದ್ದು ಯಾರ್ಗ್ಲಾ?”

“ನಾನು ಓದಿದ್ದೆ, ಮಾವ…”

“ಯಾವನ್ಲಾ ಮಾವ?”

ಪಿಳ್ಳಮ್ಮ ನಕ್ಕಳು. “ಹೋಗ್ಲಿ ಬಿಡ್ಲಾ ಆವುಲಾ. ಕೇಳಿದ್ಮೇಲೆ ನಿಜ ಹೇಳ್ದನಲ್ಲ. ಅವ್ಳಿಗೆ ಸಂಬಳ ಬತ್ತದೆ. ಏನಂತೀಯೇ ರತ್ನಾ?”

ಇಡೀ ಪಡಸಾಲೆ ಒಳಬಾಗಿಲ ಕಡೆ ತಿರುಗಿತು.

“ಬ್ಯಾಡಜ್ಜಿ,” ಎಂದಳು ಮುನಿರತ್ನಮ್ಮ, ನಾಚಿಕೆಯೂ ಇಲ್ಲದೆ, ಕೋಪವೂ ಇಲ್ಲದೆ. “ಕೇಳಿದ್ರೆ ಹೇಳ್ತಾರೆ, ಸರಿ. ಏನ್ ಕೇಳ್ಬೇಕು ಅಂತ್ಲೇ ನಂಗೆ ಗೊತ್ತಾಗ್ದಿದ್ರೆ?”

ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಚೆನ್ನಕೇಶವನ ಲೋಟ ಇನ್ನೂ ಅರ್ಧ ತುಂಬಿತ್ತು, ಅದನ್ನೂ ಎತ್ತಿಕೊಂಡೇ ಹೋದಳು. ರಾಮಲಕ್ಷ್ಮಮ್ಮ ದಾರಿಯುದ್ದಕ್ಕೂ ಮಗನಿಂದ ಹತ್ತು ಮಾರು ಮುಂದೆಯೇ ನಡೆದಳು.

ಮರುದಿನ ಬೆಳಿಗ್ಗೆ ಚೆನ್ನಕೇಶವ ಸೈಕಲ್ ತೆಗೆದುಕೊಂಡು ಅವಲಪಲ್ಲಿಗೆ ಹೋದ. ಅಲ್ಲಿ ಅವನನ್ನು ಯಾರೂ ಅರಿಯರು. ಮೊದಲ ಮನೆಯ ಬಾಗಿಲಲ್ಲಿ ಹೆಂಗಸೊಬ್ಬಳು ಸೊಪ್ಪು ಬಿಡಿಸುತ್ತ ಕೂತಿದ್ದಳು.

“ನಾನು ಸರ್ಕಾರದವನಲ್ಲ,” ಎಂದು ಕನ್ನಡದಲ್ಲೇ ಶುರುಮಾಡಿದ.

“ಯಾರಂದ್ರು ಸರ್ಕಾರದೋನು ಅಂತ? ಮುಖ ನೋಡಿದ್ರೇ ತಿಳೀತದೆ,” ಎಂದಳು ಅವಳು.

“ನನಗೆ ಸಂಬಳ ಇಲ್ಲ…”

“ನಮ್ಮನೆಯೋರ್ಗೂ ಇಲ್ಲ. ಹೋಗಣ್ಣ, ಹೋಗು.”

ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನೂ ಎರಡು ಮಾತು ಉಳಿದಿದ್ದವು. ಪೂರ್ತಿ ಓದಬೇಕೆಂದು ತಾಕೀತು. ಚೆನ್ನಕೇಶವ ಮುಚ್ಚಿದ ಬಾಗಿಲಿನ ಎದುರು ನಿಂತು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ, ಅವನ್ನೂ ಓದಿದ.