ಗಿಡ್ಡಪ್ಪನನ್ನು ನಡೆಸಿದವಳು

ಆಟದ ಎರಡನೇ ಭಾಗ ಬರಲು ಒಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ನಮ್ಮ ಮನೆಯ ಗೇಮ್ ಬಾಕ್ಸ್ ಕೆಟ್ಟು ಗುಜರಿಗೆ ಹೋಗಿತ್ತು. ನಯನಕ್ಕನ ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ನಾನು ಎಂ.ಎ. ಮುಗಿಸಿ ತರೀಕೆರೆಯ ಖಾಸಗಿ ಕಾಲೇಜೊಂದರಲ್ಲಿ ವಾರಕ್ಕೆ ನಾಲ್ಕು ದಿನ ಚರಿತ್ರೆ ಪಾಠ ಮಾಡುತ್ತಿದ್ದೆ. ಉಳಿದ ದಿನಗಳಲ್ಲಿ ಕಡೂರಿನ ಮನೆಯಲ್ಲೇ, ಪರೀಕ್ಷೆಗೆ ಓದಲೆಂದು ಕೊಂಡ ಕಂಪ್ಯೂಟರಿನ ಮುಂದೆ ಇರುತ್ತಿದ್ದೆ.

ಮೊದಲ ಭಾಗವನ್ನು ಅಕ್ಕ, ನಾನು ಒಂದೇ ಕಂಟ್ರೋಲರಿನಲ್ಲಿ ಆಡಿದ್ದೆವು. ಶ್ರೀರಾಮ್ ಮಾವ ಬಳಸಿ ಸಾಕಾಗಿ ಕೊಟ್ಟ ಪೆಟ್ಟಿಗೆಯ ಜೊತೆ ಬಂದದ್ದು ಒಂದೇ ಕಂಟ್ರೋಲರ್. ಸರದಿಯ ಮೇಲೆ ಆಡಲು ಹೋಗಿ ಮೊದಲ ದಿನವೇ ಕೂದಲು ಹಿಡಿದು ಜಗಳವಾಡಿದೆವು. ಮರುದಿನ ಅಕ್ಕ ಕಂಟ್ರೋಲರನ್ನೇ ಪಾಲು ಮಾಡಿದಳು. ಎಡಗಡೆಯ ಸ್ಟಿಕ್ ಅವಳದು. ಅದು ಸೈನಿಕನನ್ನು ನಡೆಸುತ್ತದೆ. ಬಲಗಡೆಯದು ನನ್ನದು, ಅದು ಬಂದೂಕು ತಿರುಗಿಸುತ್ತದೆ, ಗುಂಡು ಹಾರಿಸುವ ಗುಂಡಿಯೂ ಆ ಕಡೆಗೇ ಇತ್ತು. ಒಬ್ಬ ಸೈನಿಕ, ಅವನೊಳಗೆ ನಾವಿಬ್ಬರು. ಸದಾ ಬಗ್ಗಿಕೊಂಡೇ ಓಡಾಡುತ್ತಿದ್ದ ಅವನಿಗೆ ಗಿಡ್ಡಪ್ಪ ಎಂದು ಹೆಸರಿಟ್ಟೆವು. ಅಪ್ಪ ಅಜ್ಜಂಪುರದ ಶಾಲೆಯಿಂದ ಬರುವವರೆಗೆ ಭುಜಕ್ಕೆ ಭುಜ ತಾಗಿಸಿ ಕೂತು ಆಡುತ್ತಿದ್ದೆವು. ಮಾತೇನೂ ಇರುತ್ತಿರಲಿಲ್ಲ. ಅವಳ ಹೆಬ್ಬೆರಳು ಅಲುಗಿದ್ದು ನನ್ನ ಮೊಣಕೈಗೆ ಗೊತ್ತಾಗುತ್ತಿತ್ತು.

ಎರಡನೇ ಭಾಗವನ್ನು ಕಂಪ್ಯೂಟರಿಗೆ ಹಾಕಿಕೊಂಡ ದಿನ ಅಕ್ಕನಿಗೆ ಮೆಸೇಜ್ ಕಳಿಸಿದೆ: 'ಎರಡನೇ ಭಾಗ ಬಂದಿದೆ.' ಸಂಜೆ ಉತ್ತರ ಬಂತು: 'ಯಾವುದರದ್ದು?' 'ಗಿಡ್ಡಪ್ಪಂದು' ಎಂದು ಬರೆದೆ. ಬಹಳ ಹೊತ್ತಿನ ಮೇಲೆ 'ಓ' ಎಂದು ಬಂತು. ಅವಳಿರುವುದು ಸಖರಾಯಪಟ್ಟಣದಲ್ಲಿ, ಬಸ್ಸಿಗೆ ಮುಕ್ಕಾಲು ಗಂಟೆಯೂ ಬೇಡ. ಬರುತ್ತಲೂ ಇದ್ದಳು. ಬಂದರೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ಮಾತು. ನನಗೆ 'ಊಟ ಆಯ್ತೇನೋ' ಎನ್ನುವುದೊಂದು. ಅವಳೊಡನೆ ಒಂದು ಗಂಟೆ ಪಕ್ಕದಲ್ಲಿ ಕೂರಬೇಕೆಂಬ ಆಸೆಯನ್ನು ಯಾವ ಮಾತಿನಲ್ಲಿ ಕೇಳುವುದೋ ನನಗೆ ತಿಳಿದಿರಲಿಲ್ಲ.

ಒಬ್ಬನೇ ಆಡಿ ನೋಡಿದೆ. ಟಿವಿಗೆಂದು ಮಾಡಿದ ಆಟವನ್ನು ಕಂಪ್ಯೂಟರಿಗೆ ತಂದು ಕೂರಿಸಿದ್ದರು. ಎಲ್ಲ ಅಕ್ಷರವೂ ನಡುಮನೆಯ ಆ ತುದಿಯಿಂದ ಓದುವಷ್ಟು ದಪ್ಪ. ಬಾಗಿಲು ತೆರೆಯಬೇಕಾದಲ್ಲಿ ಕಂಟ್ರೋಲರಿನ ಬಣ್ಣದ ದುಂಡು ಗುಂಡಿಯ ಚಿತ್ರ ಮೂಡಿ ಅದನ್ನು ಒತ್ತಲು ಹೇಳುತ್ತಿತ್ತು. ನನ್ನ ಕೀಬೋರ್ಡಿನಲ್ಲಿ ಅಂಥದ್ದು ಇರಲಿಲ್ಲ. ಆದರೆ ನಾನು ಸೋಲುತ್ತಿದ್ದದ್ದು ಅದಕ್ಕಲ್ಲ. ಬಲಗೈ ಮೌಸ್ ಹಿಡಿದು ಗುರಿ ನೋಡುವಾಗ ಎಡಗೈ ನಾಲ್ಕು ಕೀಗಳ ಮೇಲೆ ಸುಮ್ಮನೆ ಕೂತುಬಿಡುತ್ತಿತ್ತು, ಯಾರೋ ನಡೆಸುತ್ತಾರೆಂದು ಕಾಯುವ ಹಾಗೆ. ಗಿಡ್ಡಪ್ಪ ನಿಂತಲ್ಲೇ ನಿಂತು ಸಾಯುತ್ತಿದ್ದ.

ಮೂರನೇ ದಿನ ಇನ್ನೊಂದು ಹೊಳೆಯಿತು. ನನ್ನ ಗುರಿ ಯಾವತ್ತೂ ಚೆನ್ನಾಗಿರಲಿಲ್ಲ. ನಾನು ಬಂದೂಕನ್ನು ಹೆಚ್ಚುಕಡಿಮೆ ಒಂದು ಕಡೆಗೆ ತಿರುಗಿಸಿ ಹಿಡಿಯುತ್ತಿದ್ದೆ; ಅಕ್ಕ ಅರ್ಧ ಹೆಜ್ಜೆ ಆಚೆ, ಅರ್ಧ ಹೆಜ್ಜೆ ಈಚೆ ಸರಿದು ಶತ್ರುವನ್ನು ಅದರ ನೇರಕ್ಕೆ ತರುತ್ತಿದ್ದಳು. ಹೊಡೆದವನು ನಾನೆಂದು ಕುಣಿಯುತ್ತಿದ್ದೆ. ಅವಳು ಒಂದು ದಿನವೂ ಹೇಳಿರಲಿಲ್ಲ.

ಗುರುವಾರ ಅಕ್ಕ, ಹೊಲಿಯಲು ಕೊಟ್ಟಿದ್ದ ಬ್ಲೌಸ್ ಒಯ್ಯಲು ಬಂದಳು. ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

"ಎಲ್ಲೋ ನಿನ್ನ ಗಿಡ್ಡಪ್ಪ?"

ನಾನು ಕುರ್ಚಿಯನ್ನು ಸರಿಸಿ, ಅವಳಿಗೊಂದು ಸ್ಟೂಲು ಎಳೆದೆ. ಅವಳು ಕೂತು ಪರದೆಗೆ ಬಗ್ಗಿದಳು.

"ಏನೋ ಇವ್ನು, ಮೈ ಬಂದ್ಬಿಟ್ಟಿದೆ. ಮದ್ವೆ ಆಯ್ತು ಅನ್ಸುತ್ತೆ."

"ನಿನ್ನಷ್ಟೇನೂ ಬಂದಿಲ್ಲ."

"ಲೇ, ಒದೆ ಬೀಳುತ್ತೆ."

"ಆ ಆಟ ಇನ್ನೂ ಬಿಟ್ಟಿಲ್ವೇನ್ರಪ್ಪಾ ನೀವು," ಎಂದಳು ಅಮ್ಮ ನಡುಮನೆಯಿಂದ.

ಕೀಬೋರ್ಡನ್ನು ಅವಳ ಕಡೆ ತಳ್ಳಿ, ಮೌಸ್ ನಾನು ಹಿಡಿದೆ. ಆಟದೊಳಗಿನ ಬಂದರಿನ ಗೋದಾಮಿನ ಬಾಗಿಲಿನಿಂದ ಹೊರಟೆವು. ಕೀ ಒತ್ತಿದರೆ ಗಿಡ್ಡಪ್ಪ ಓಡುತ್ತಾನೆ, ಬಿಟ್ಟರೆ ಗಕ್ಕನೆ ನಿಲ್ಲುತ್ತಾನೆ.

"ಮೆಲ್ಲಗೆ ನಡ್ಸೋದು ಹೆಂಗೋ ಇವನನ್ನ?"

"ಅದಕ್ಕೆ ಇನ್ನೊಂದು ಕೀ ಹಿಡ್ಕೋಬೇಕು. ಕಿರುಬೆರಳಲ್ಲಿ."

"ಯಾರು ಮಾಡಿದ್ದೋ ಇದನ್ನ."

ನಾಲ್ಕು ಸಲ ಸತ್ತೆವು. ಅವಳು ಓಡಿಸಿದ ಕಡೆ ನಾನು ನೋಡುತ್ತಿರಲಿಲ್ಲ, ನಾನು ನೋಡಿದ ಕಡೆ ಅವಳು ಹೋಗುತ್ತಿರಲಿಲ್ಲ. ಮೇಜಿನ ಅಗಲದಷ್ಟು ದೂರದಲ್ಲಿದ್ದ ಅವಳ ಬೆರಳು ಅಲುಗಿದ್ದು ನನಗೆ ಗೊತ್ತಾಗುತ್ತಿರಲಿಲ್ಲ.

"ಕೊಡಿಲ್ಲಿ," ಎಂದು ಅವಳು ಮೌಸನ್ನೂ ತೆಗೆದುಕೊಂಡಳು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಒಂದೆರಡು ಸಲ ಗೋಡೆಗೆ ಗುದ್ದಿಸಿದಳು, ಅಷ್ಟೇ. ಆಮೇಲೆ ಕಿರುಬೆರಳಿಗೆ ಆ ಕೀ ಸಿಕ್ಕಿತು. ಗಿಡ್ಡಪ್ಪ ಪೆಟ್ಟಿಗೆಗಳ ಸಂದಿಯಲ್ಲಿ ಮೆಲ್ಲಗೆ ಸರಿದು, ನಿಂತು, ಹೊಡೆದು, ಮತ್ತೆ ಸರಿದ. ಎಡಗೈ ಬಲಗೈಗೆ ಕಾಯುತ್ತಿರಲಿಲ್ಲ. ಅಕ್ಕ ಒಮ್ಮೆ ಸಣ್ಣಗೆ ನಕ್ಕಳು. ಮದುವೆಯಾದ ಮೇಲೆ ಆ ನಗು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ನನ್ನ ಎರಡು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದು ನಿಂತೆ.

"ಎರಡೂ ಕೈಲಿ ಆಡೋದು ಯಾವಾಗ ಕಲ್ತೆ?"

"ಆವಾಗ್ಲೇ. ನೀನು ಟ್ಯೂಷನ್‌ಗೆ ಹೋದ್ಮೇಲೆ ನಾನೊಬ್ಳೇ ಆಡ್ತಿದ್ದೆ. ಎರಡು ಸಲ ಮುಗ್ಸಿದ್ದೆ."

"ಮತ್ತೆ ನನ್ ಜೊತೆ ಅರ್ಧ ಯಾಕೆ ಆಡ್ತಿದ್ದೆ?"

ಅವಳ ಕಣ್ಣು ಪರದೆಯ ಮೇಲೆಯೇ ಇತ್ತು. ಒಬ್ಬ ಶತ್ರು ಬಂದ, ಬಿದ್ದ.

"ಒಬ್ಳೇ ಆಡಿದ್ರೆ ಬೇಗ ಮುಗ್ದೋಗ್ತಿತ್ತು ಕಣೋ."

ಐದು ಗಂಟೆಯ ಬಸ್ಸಿಗೆ ಅವಳನ್ನು ಹತ್ತಿಸಲು ಹೋದೆ. ಬ್ಲೌಸಿನ ಕವರನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವವರೆಗೂ ನಾನು ಕೆಳಗೆ ನಿಂತೇ ಇದ್ದೆ. "ಬತ್ತೀನಿ" ಎಂದಳು. ಯಾವಾಗ ಎಂದು ನಾನು ಕೇಳಲಿಲ್ಲ.

ಮುಂದಿನ ಗುರುವಾರ ಅವಳು ಬರಲಿಲ್ಲ, ಅದರ ಮುಂದಿನ ಗುರುವಾರವೂ ಬರಲಿಲ್ಲ. ಅವಳು ನಿಲ್ಲಿಸಿದ್ದನ್ನು ಮುಟ್ಟದೆ, ಅದೇ ಆಟವನ್ನು ಬೇರೆಯಾಗಿ ಮತ್ತೊಮ್ಮೆ ಶುರು ಮಾಡಿದ್ದೇನೆ. ಅದರಲ್ಲಿ ಮೌಸನ್ನು ಪಕ್ಕಕ್ಕೆ ಸರಿಸಿ, ಎಡಗೈ ಒಂದರಲ್ಲೇ ಗಿಡ್ಡಪ್ಪನನ್ನು ನಡೆಸುತ್ತೇನೆ. ಕಿರುಬೆರಳು ಮೊದಲು ನೋಯುತ್ತಿತ್ತು, ಈಗ ಪಳಗಿದೆ. ಅರ್ಧ ಹೆಜ್ಜೆ ಆಚೆ, ಅರ್ಧ ಹೆಜ್ಜೆ ಈಚೆ ಸರಿದು ಶತ್ರುವನ್ನು ಪರದೆಯ ನಟ್ಟನಡುವೆ ತಂದು ನಿಲ್ಲಿಸಬಲ್ಲೆ. ಗುಂಡು ಹಾರಿಸುವವರಿಲ್ಲ. ಗಿಡ್ಡಪ್ಪ ಸಾಯುತ್ತಾನೆ, ನಾನು ಅವನನ್ನು ಗೋದಾಮಿನ ಬಾಗಿಲಿನಿಂದ ಮತ್ತೆ ನಡೆಸಿಕೊಂಡು ಬರುತ್ತೇನೆ.