ಸಕ್ಕರೆ ತಟ್ಟೆ ಹಿಡಿದ ಕೈ

ಲೋಬಾನದ ಹೊಗೆಯೂ ಎಣ್ಣೆಯಲ್ಲಿ ಕರಿಯುವ ಬೆಲ್ಲದ ಚೊಂಗೆಯೂ ಕೂಡಿದ ವಾಸನೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಮೊಹರಮ್ಮಿನ ಅಲಾಯಿ ಹಬ್ಬ ನೋಡುವಾಗ ಭೀಮಕ್ಕನ ಮೂಗಿಗೆ ಹತ್ತಿದ್ದು. 1949ರ ಬೇಸಿಗೆಯಲ್ಲಿ, ಕೊಪ್ಪಳದ ಪೊಲೀಸ್ ಕಚೇರಿಯಲ್ಲಿ ಫೋಟೋ ನೋಡುತ್ತ ನಿಂತಾಗ ಅದು ಮತ್ತೆ ಬಂತು.

ಫೋಟೋ ನಿಜಾಮನ ಪರ ಹೊಡೆದಾಡಿದ ರಜಾಕಾರರ ಬಿಡಾರದಲ್ಲಿ ಸಿಕ್ಕಿದ್ದು. ಅವಳ ಮಗ ಯಮನೂರಪ್ಪ ತಲೆಗೆ ಟೊಪ್ಪಿಗೆ ಹಾಕಿ, ಕತ್ತಿ ಹಿಡಿದು ನಿಂತಿದ್ದಾನೆ. ಹಿಂದೆ ಹೊಗೆ. ಫೋಟೋದ ಹಿಂಬದಿಗೆ ಪೆನ್ಸಿಲ್ಲಿನಲ್ಲಿ 'ಆಷಾಢ, 1948' ಎಂದಿದೆ. ಆ ಆಷಾಢದಲ್ಲೇ ರಜಾಕಾರರು ಅವರೂರಲ್ಲಿ ಆರು ಮನೆ ಸುಟ್ಟಿದ್ದರು. ತಾರೀಖು ಹೇಳಿದವನು ಮನೆ ಕಳೆದುಕೊಂಡ ಕೊಟ್ರಪ್ಪ. ಅದನ್ನು ನಂಬಿ ಮಗನನ್ನು ಜೇಲಿಗೆ ಹಾಕಿ ಮೂರು ತಿಂಗಳಾಗಿತ್ತು.

"ಮನಿಮುರುಕನ್ನ ಹಡದಾಕಿ ಬಂದ್ಲು," ಎಂದು ಕೊಟ್ರಪ್ಪ ಬಾಗಿಲಾಚೆ ಉಗಿದ. ಪೇದೆಯೊಬ್ಬ ಸ್ಟೂಲನ್ನು ಅವಳತ್ತ ಸರಿಸಿದ.

"ಸಾಹೇಬ್ರ, ಇದು ಕಟಿಗಿ ಕತ್ತಿ ಐತ್ರಿ," ಎಂದಳು ಭೀಮಕ್ಕ. "ಅಲಾಯಿ ಹಬ್ಬಕ್ಕ ಹರಕಿ ಹೊತ್ತು ಫಕೀರ ಆಗಿದ್ದ. ಹೊಗಿ ಅಲಾಯಿ ಬೆಂಕಿ ಕುಣೀದು."

"ಹಿಂದೂಗಳು ಫಕೀರರಾಗುತ್ತಾರೆಯೇ?" ಹೊರಗಿನ ಸೀಮೆಯಿಂದ ಬಂದಿದ್ದ ಇನ್ಸ್‌ಪೆಕ್ಟರ್ ನಕ್ಕರು.

"ಊರ ತುಂಬ ಆಗ್ತಾರ್ರಿ. ಈ ವರ್ಷ ಹೇಳಾಕ ಎಲ್ಲಾರಿಗೂ ನಾಚಿಕಿ."

"ಸುಳ್ಳು," ಎಂದ ಕೊಟ್ರಪ್ಪ. "ಆ ಹೊಗಿ ನನ್ನ ಮನೀದು."

ಭೀಮಕ್ಕ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ, ಚಿತ್ರದಾಚೆ ಉಳಿದ ಒಬ್ಬನ ಕೈ ಮಾತ್ರ ಕಾಣುತ್ತಿತ್ತು. ಅಲಾಯಿ ದೇವರ ಮುಂದೆ ಮುಲ್ಲಾನಿಂದ ಪ್ರಾರ್ಥನೆ ಓದಿಸಲು ತಂದ ಸಕ್ಕರೆಯ ತಟ್ಟೆ ಹಿಡಿದಿತ್ತು ಅದು. ಕಿರುಬೆರಳಿರಲಿಲ್ಲ.

"ಗಾಣಕ್ಕ ಬೆರಳು ಕೊಟ್ಟಾಂವ ನಮ್ಮೂರಾಗ ಒಬ್ಬನ. ಕೊಟ್ರಪ್ಪ, ನಿನ್ನ ಮನಿ ಸುಡೂವಾಗ ನೀ ಸಕ್ಕರಿ ಓದಿಸ್ತಿದ್ದೇನಪಾ?"

ಕೊಟ್ರಪ್ಪ ಕೈಯನ್ನು ಧೋತರದೊಳಗೆ ಎಳೆದುಕೊಂಡ.

"ಕೈ ತೋರಿಸು," ಎಂದರು ಇನ್ಸ್‌ಪೆಕ್ಟರ್.

ತೋರಿಸಿದ. "ಹೌದ್ರಿ, ಮನಿ ಸುಡೂಕಿಂತ ಹಿಂದಿನ ಕಾರ್ತಿಕದ ಅಲಾಯೀದು," ಎಂದ. "ನನ್ನ ಮನಿ ಸುಟ್ಟಾವ್ರು ಒಬ್ರೂ ಸಿಗಲಿಲ್ರಿ. ಯಾರರೆ ಒಬ್ಬಾಂವ ಬೇಕಾಗಿದ್ದ."

ಇನ್ಸ್‌ಪೆಕ್ಟರ್ ಆಷಾಢವನ್ನು ಹೊಡೆದುಹಾಕಿ 'ಕಾರ್ತಿಕ, 1947' ಎಂದು ಬರೆದರು. ಯಮನೂರಪ್ಪನನ್ನು ಸಂಜೆಗೆ ಬಿಡುವುದಾಗಿ ಹೇಳಿದರು.

ಭೀಮಕ್ಕ ಹೊರಗೆ ಬೇವಿನ ಬುಡದಲ್ಲಿ ಕೂತಳು. ಹಿಂದೆಯೇ ಹೊರಬಂದ ಕೊಟ್ರಪ್ಪನ ಮುಖ ನೋಡಲಿಲ್ಲ. ಅವನೂ ನೋಡಲಿಲ್ಲ. ತನ್ನ ಹೆಗಲ ಬುತ್ತಿ ಬಿಚ್ಚಿ ನೋಡಿದ, ಎರಡು ರೊಟ್ಟಿ ಹಾಗೇ ಇದ್ದವು. ಮತ್ತೆ ಗಂಟು ಕಟ್ಟಿ, ಕಿರುಬೆರಳಿಲ್ಲದ ಕೈಯಿಂದ ಅವಳ ಮುಂದೆ ಹಿಡಿದ. ಬೆಳಗಿನಿಂದ ಏನೂ ತಿನ್ನದ ಭೀಮಕ್ಕ ಸೆರಗೊಡ್ಡಿದಳು.